ಪಾಳಿ, ಮೈ, ಮನೆ: ತುಂಗಭದ್ರೆಯ ಸೀಮೆಯಲ್ಲಿ ಬದಲಾಗುತ್ತಿರುವ ದುಡಿಮೆಯ ಜಾಗ



ಈ ಉಪನ್ಯಾಸಕ್ಕೆ ನನ್ನನ್ನು ಕರೆದಾಗ ವಿಷಯದ ಆಯ್ಕೆಯನ್ನು ನನಗೇ ಬಿಟ್ಟಿರಿ. ಹೊಸಪೇಟೆಯಲ್ಲಿ ನಿಂತು ಮಾತಾಡುವವರು ಸಾಮಾನ್ಯವಾಗಿ ವಿಜಯನಗರ ಸಾಮ್ರಾಜ್ಯದ ವೈಭವದ ಬಗ್ಗೆ ಮಾತಾಡುತ್ತಾರೆ. ನಾನು ಇಲ್ಲಿಯ ದುಡಿಮೆಯ ಬಗ್ಗೆ ಮಾತಾಡಬೇಕೆಂದುಕೊಂಡೆ. ಕೆಲಸದ ಜಾಗಗಳು ಅಲ್ಲಿ ದುಡಿಯುವವರ ಅಗತ್ಯಕ್ಕೆ ಹೇಗೆ ಹೊಂದಿಕೊಳ್ಳುತ್ತಿವೆ, ಎಲ್ಲಿ ಹೊಂದಿಕೊಂಡಿಲ್ಲ ಎಂಬುದು ಇವತ್ತಿನ ನನ್ನ ವಿಷಯ. ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ, ಈ ನಾಲ್ಕು ಊರುಗಳ ಸುತ್ತಲೇ ನನ್ನ ಮಾತು ಸುತ್ತುತ್ತದೆ.

ಐನೂರು ವರ್ಷ ಹಿಂದಿನ ಒಂದು ಕೆಲಸದ ಜಾಗದಿಂದ ಆರಂಭಿಸುತ್ತೇನೆ. ಸುಮಾರು 1520ರ ಹೊತ್ತಿಗೆ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಇಲ್ಲಿಗೆ ಬಂದಾಗ ಈ ಹೊಸಪೇಟೆಗೆ ನಾಗಲಾಪುರ ಎಂದು ಹೆಸರು. ಕೃಷ್ಣದೇವರಾಯ ಆಗ ಇಲ್ಲಿ ದೊಡ್ಡದೊಂದು ಕೆರೆ ಕಟ್ಟಿಸುತ್ತಿದ್ದ. ಅಲ್ಲಿ ಹದಿನೈದು ಇಪ್ಪತ್ತು ಸಾವಿರ ಜನ ದುಡಿಯುತ್ತಿದ್ದರೆಂದು ಪಾಯೆಸ್ ಅಂದಾಜು ಮಾಡಿದ್ದಾನೆ. ಏರಿ ಮತ್ತೆ ಮತ್ತೆ ಒಡೆಯಿತು. ದೇವರಿಗೆ ಬಲಿ ಬೇಕೆಂದು ಹೇಳಿದವರ ಮಾತಿಗೆ ಅರಸ ಒಪ್ಪಿದ, ಅರವತ್ತು ಜನರ ತಲೆ ಕಡಿಸಿದ ಎಂದು ಅವನು ಬರೆದಿಟ್ಟಿದ್ದಾನೆ. ಬಲಿಯಾದವರು ಮರಣದಂಡನೆಗೆ ಅರ್ಹರಾದ ಕೈದಿಗಳು ಎಂಬುದು ಅವನ ನಂತರ ಬರೆದ ಇನ್ನೊಬ್ಬ ಪೋರ್ಚುಗೀಸ್ ಪ್ರವಾಸಿ ನ್ಯೂನಿಜ್‌ನ ಹೇಳಿಕೆ. ಆ ಕೆರೆಯ ವೈಭವವನ್ನು ನಾವು ಮಕ್ಕಳಿಗೆ ಹೇಳುತ್ತೇವೆ, ಆ ಅರವತ್ತು ಜನರ ಸುದ್ದಿ ಎತ್ತುವುದಿಲ್ಲ. ಏರಿ ಒಡೆದ ಕಾರಣವನ್ನು ಮಣ್ಣಿನಲ್ಲಿ ಹುಡುಕುವ ಬದಲು ಮನುಷ್ಯನ ಕುತ್ತಿಗೆಯಲ್ಲಿ ಹುಡುಕಿದ ಕಾಲ ಅದು.

ಅಲ್ಲಿಂದ ಇಲ್ಲಿಗೆ ನಾವು ಬಹಳ ದೂರ ಬಂದಿದ್ದೇವೆ. ಕೆಲಸಕ್ಕೆ ಮನುಷ್ಯ ಹೊಂದಿಕೊಳ್ಳಬೇಕು ಎಂಬುದು ಹಳೆಯ ಕಟ್ಟಳೆ. ಮನುಷ್ಯನಿಗೆ ಕೆಲಸವೂ ಹೊಂದಿಕೊಳ್ಳಬೇಕು ಎಂಬ ತಿಳಿವಳಿಕೆ ಈಚಿನದು. ಈ ತಿಳಿವಳಿಕೆ ನಮ್ಮ ಸೀಮೆಯಲ್ಲಿ ಎಷ್ಟು ಬೇರೂರಿದೆ ಎಂಬುದನ್ನು ಮೂರು ಮಾತುಗಳಲ್ಲಿ ಬಿಡಿಸಿ ನೋಡುತ್ತೇನೆ. ಮೊದಲನೆಯದು ಪಾಳಿ, ಅಂದರೆ ಸಮಯ. ಎರಡನೆಯದು ಮೈ, ಅಂದರೆ ಆರೋಗ್ಯ ಮತ್ತು ಸುರಕ್ಷೆ. ಮೂರನೆಯದು ಮನೆ. ಕೊನೆಗೆ, ಈ ಮೂರೂ ತಲುಪದೆ ಗೇಟಿನ ಹೊರಗೆ ಉಳಿದವರ ಬಗ್ಗೆ ಎರಡು ಮಾತು ಹೇಳಿ ಮುಗಿಸುತ್ತೇನೆ.

ಮೊದಲು ಪಾಳಿ.

ಬೆಳಗಿನ ಜಾವ ಐದು ಗಂಟೆಗೆ ಹೊಸಪೇಟೆಯ ಯಾವುದಾದರೂ ಸರ್ಕಲ್ಲಿನಲ್ಲಿ ನಿಂತು ನೋಡಿ. ಚಹಾದಂಗಡಿಯ ಒಲೆ ಆಗಲೇ ಉರಿಯುತ್ತಿರುತ್ತದೆ. ಕೈಯಲ್ಲಿ ಬುತ್ತಿ ಚೀಲ, ಕಾಲಲ್ಲಿ ಸೇಫ್ಟಿ ಶೂ, ಕೊರಳಲ್ಲಿ ಗುರುತಿನ ಚೀಟಿ ಹಾಕಿಕೊಂಡವರು ಕಂಪನಿ ಬಸ್ಸಿಗೆ ಕಾಯುತ್ತಿರುತ್ತಾರೆ. ಎ ಶಿಫ್ಟಿನವರು ಇವರು. ಇವರನ್ನು ಇಳಿಸಿದ ಬಸ್ಸು ಸಿ ಶಿಫ್ಟಿನವರನ್ನು ಹತ್ತಿಸಿಕೊಂಡು ಮರಳುತ್ತದೆ. ರಾತ್ರಿಯೆಲ್ಲ ಕುಲುಮೆಯ ಮುಂದೆ ನಿಂತವರು ಬಿಸಿಲೇರುವ ಹೊತ್ತಿಗೆ ಕಿಟಕಿಗೆ ಹೊದಿಕೆ ಕಟ್ಟಿ ಮಲಗುತ್ತಾರೆ. ಆ ಮನೆಯ ಮಕ್ಕಳು ಪಿಸುಮಾತಿನಲ್ಲಿ ಆಡುವುದನ್ನು ಕಲಿತಿರುತ್ತಾರೆ. ಪಾಳಿ ಎಂಬುದು ಕಾರ್ಖಾನೆಯ ಗೋಡೆಯೊಳಗೇ ಮುಗಿಯುವ ಸಂಗತಿಯಲ್ಲ. ಇಡೀ ಮನೆಯ ಊಟ, ನಿದ್ದೆ, ಹಬ್ಬಗಳನ್ನು ಅದೇ ನಡೆಸುತ್ತದೆ.

ವಾರಕ್ಕೆ 48 ಗಂಟೆಯ ಮಿತಿಯನ್ನು 1948ರ ಕಾರ್ಖಾನೆ ಕಾಯ್ದೆ ಕೊಟ್ಟಿತು. ಅದು ಗಂಟೆಗಳನ್ನು ಎಣಿಸಿತು. ಇವತ್ತಿನ ನೌಕರ ಕೇಳುತ್ತಿರುವುದು ಅದರ ಮುಂದಿನ ಪ್ರಶ್ನೆ: ಆ ಗಂಟೆಗಳು ಯಾವಾಗ, ಎಲ್ಲಿ, ಯಾರ ಅನುಕೂಲಕ್ಕೆ? ನಮ್ಮ ಊರಿನ ನೂರಾರು ಮಕ್ಕಳು ಬೆಂಗಳೂರಿನ ಐಟಿ ಕಂಪನಿಗಳಲ್ಲಿದ್ದಾರೆ. 2020ರ ಲಾಕ್‌ಡೌನ್‌ನಲ್ಲಿ ಅವರು ಮನೆಗೆ ಬಂದರು. ಕಂಪ್ಲಿಯ ಗದ್ದೆಯ ಬದಿಯ ಮನೆಗಳಲ್ಲಿ, ಹೊಸಪೇಟೆಯ ಮಹಡಿ ಕೋಣೆಗಳಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೆಲಸ ಮಾಡಿದರು. ಕಂಪನಿಗಳು ಮುಳುಗಲಿಲ್ಲ. ಮುಪ್ಪಿನ ತಂದೆತಾಯಿಗೆ ವರ್ಷಗಟ್ಟಲೆ ಮಗ, ಮಗಳು ಕಣ್ಣೆದುರಿಗಿದ್ದರು. ಆಮೇಲೆ ಕಚೇರಿಗಳು ಅವರನ್ನು ವಾಪಸು ಕರೆದವು. ವಾರಕ್ಕೆ ಎರಡೋ ಮೂರೋ ದಿನ ಮನೆಯಿಂದ, ಉಳಿದ ದಿನ ಕಚೇರಿಯಿಂದ ಎಂಬ ನಡುದಾರಿ ಕೆಲವು ಕಡೆ ಉಳಿದಿದೆ. ಭಾನುವಾರ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿಸಲು ಸ್ಟೇಷನ್ನಿಗೆ ಬರುವ ತಾಯಂದಿರನ್ನು ಕೇಳಿದರೆ ಮನೆಯಿಂದ ದುಡಿಯುವ ಆ ದಿನಗಳ ಬೆಲೆ ತಿಳಿಯುತ್ತದೆ.

ಇದೇ ಹೊತ್ತಿಗೆ ಎದುರು ದಿಕ್ಕಿನ ಎಳೆತವೂ ಇದೆ. 2024ರಲ್ಲಿ ನಮ್ಮ ರಾಜ್ಯದ ಐಟಿ ವಲಯದಲ್ಲಿ ದಿನಕ್ಕೆ 14 ಗಂಟೆವರೆಗೆ ದುಡಿಸಿಕೊಳ್ಳಲು ಅವಕಾಶ ಕೊಡುವ ಪ್ರಸ್ತಾವ ಬಂತು, ನೌಕರರ ಸಂಘಟನೆಗಳು ಬೀದಿಗಿಳಿದವು. ಹದಿನಾಲ್ಕು ಗಂಟೆ ದುಡಿದವನಿಗೆ ಉಳಿಯುವುದು ಹತ್ತು ಗಂಟೆ. ಅದರಲ್ಲೇ ಓಡಾಟ, ಊಟ, ಸ್ನಾನ, ನಿದ್ದೆ. ಮಗುವಿನ ಜೊತೆ ಕೂರಲು ಏನು ಉಳಿಯುತ್ತದೆ ಎಂದು ಲೆಕ್ಕ ಹಾಕಿ ನೋಡಿ.

ಹೊಂದಾಣಿಕೆಯ ಸಮಯ ಎಂಬುದನ್ನು ದೊಡ್ಡ ನಗರಗಳಿಂದ ಕಲಿಯಬೇಕೆಂದೇನಿಲ್ಲ. ಕಂಪ್ಲಿ ಕಡೆ ಭತ್ತದ ನಾಟಿಗೆ ಹೆಂಗಸರು ಗುಂಪು ಕಟ್ಟಿಕೊಂಡು ಎಕರೆಗೆ ಇಷ್ಟೆಂದು ಗುತ್ತಿಗೆ ಹಿಡಿಯುತ್ತಾರೆ. ಯಾವಾಗ ಗದ್ದೆಗಿಳಿಯಬೇಕು, ಯಾವಾಗ ಬುತ್ತಿ ಬಿಚ್ಚಬೇಕು, ಬಸುರಿಯಾದವಳಿಗೆ ಯಾವ ಕೆಲಸ ಕೊಡಬೇಕು ಎಂದು ಗುಂಪೇ ತೀರ್ಮಾನಿಸುತ್ತದೆ. ದುಡಿಯುವವರ ಕೈಗೆ ಸಮಯವನ್ನು ಕೊಟ್ಟರೆ ಕೆಲಸ ಕೆಡುವುದಿಲ್ಲ ಎಂಬುದಕ್ಕೆ ನಮ್ಮ ಗದ್ದೆಗಳೇ ಸಾಕ್ಷಿ. ದಿನವೆಲ್ಲ ಬಗ್ಗಿ ನಾಟಿ ಮಾಡಿ ಕೆಡುವುದು ಆ ಹೆಂಗಸರ ಬೆನ್ನು. ಆ ಮಾತು ನನ್ನನ್ನು ಎರಡನೆಯ ವಿಷಯಕ್ಕೆ ಕರೆದೊಯ್ಯುತ್ತದೆ.

ಎರಡನೆಯದು ಮೈ.

ಇಲ್ಲಿ ನಾನು ಕಣ್ಣಾರೆ ಕಂಡ ಒಂದು ದೃಶ್ಯವನ್ನು ಹೇಳಲೇಬೇಕು. ಅದಿರಿಗೆ ಚೀನಾದಿಂದ ಬೇಡಿಕೆ ಏರಿದ್ದ ಆ ವರ್ಷಗಳು ನಿಮಗೆಲ್ಲ ನೆನಪಿವೆ. ಸಂಡೂರು ದಾರಿಯ ಪಕ್ಕದ ಒಂದು ಅಂಗಳದಲ್ಲಿ ಅದಿರಿನ ರಾಶಿ. ಹೆಂಗಸರು ಕುಕ್ಕರಗಾಲಿನಲ್ಲಿ ಕೂತು ಸುತ್ತಿಗೆಯಿಂದ ಅದಿರು ಒಡೆಯುತ್ತಿದ್ದರು. ಬಾಯಿಗೆ ಸೀರೆಯ ಸೆರಗು, ಅದೇ ಅವರ ಮುಖಗವಸು. ಎರಡು ಕಂಬಗಳ ನಡುವೆ ಹಳೆಯ ಸೀರೆಯ ಜೋಳಿಗೆ ಕಟ್ಟಿದ್ದರು, ಅದರಲ್ಲೊಂದು ಕೂಸು. ಒಬ್ಬ ತಾಯಿ ಎದ್ದುಬಂದು ಕೂಸನ್ನು ಎತ್ತಿಕೊಂಡಳು. ಹಾಲು ಕೊಡುವ ಮೊದಲು ಸೆರಗಿನ ತುದಿಯನ್ನು ನೀರಲ್ಲಿ ಅದ್ದಿ ಕೂಸಿನ ಮೂಗು, ರೆಪ್ಪೆ ಒರೆಸಿದಳು. ಸೆರಗಿಗೆ ಕೆಂಪು ಹತ್ತಿತು. ಇಪ್ಪತ್ತು ವರ್ಷವಾದರೂ ಆ ಕೆಂಪು ನನ್ನ ಕಣ್ಣಿಂದ ಹೋಗಿಲ್ಲ.

ಕಾಯ್ದೆಗಳು ಆಗಲೂ ಇದ್ದವು. 1952ರ ಗಣಿ ಕಾಯ್ದೆಯಿತ್ತು. ಗಣಿಗಳಲ್ಲಿ ಕೂಸಿನ ಕೋಣೆ ಹೇಗಿರಬೇಕೆಂದು ಹೇಳುವ 1966ರ ನಿಯಮಗಳಿದ್ದವು. ಕಬ್ಬಿಣ ಮತ್ತು ಮ್ಯಾಂಗನೀಸ್ ಗಣಿಯವರಿಗಾಗಿ 1976ರ ಕಾಯ್ದೆಯಡಿ ಕಲ್ಯಾಣ ನಿಧಿಯಿತ್ತು, ಕಾರಿಗನೂರಿನಲ್ಲಿ ಗಣಿ ಕಾರ್ಮಿಕರ ಆಸ್ಪತ್ರೆಯಿತ್ತು. ಆದರೆ ಆ ತಾಯಿ ಯಾವ ಗಣಿಯ ಹಾಜರಿ ಪುಸ್ತಕದಲ್ಲೂ ಇರಲಿಲ್ಲ. ಹೆಸರಿಲ್ಲದವಳಿಗೆ ಕಾಯ್ದೆ ಅನ್ವಯಿಸುವುದಾದರೂ ಹೇಗೆ?

2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ತಡೆಯೊಡ್ಡಿತು. ಭೂಮಿಯನ್ನು ಉಳಿಸಲು ಆ ಆದೇಶ ಅಗತ್ಯವಿತ್ತೆಂದು ನಾನು ದೃಢವಾಗಿ ನಂಬುತ್ತೇನೆ. ಆದರೆ ರಾತ್ರೋರಾತ್ರಿ ಕೆಲಸ ಕಳೆದುಕೊಂಡವರು ಅಕ್ರಮ ಗಣಿಗಾರಿಕೆ ಮಾಡಿದವರಾಗಿರಲಿಲ್ಲ. ಚಾಲಕರು, ಕ್ಲೀನರುಗಳು, ತೂಕದ ಕಟ್ಟೆಯ ಹುಡುಗರು, ದಾರಿಬದಿಯ ಖಾನಾವಳಿಯವರು ಅವರು. ಗಣಿಗಳು ಮತ್ತೆ ತೆರೆದದ್ದು ಹೊಸ ಷರತ್ತುಗಳ ಮೇಲೆ, ಅಗೆಯುವ ಅದಿರಿಗೂ ಮಿತಿ ಬಂತು. ಈಗ ವ್ಯವಸ್ಥಿತ ಗಣಿಗಳಿಗೆ ಹೋದರೆ ಹೆಲ್ಮೆಟ್, ಧೂಳು ತಡೆಯಲು ರಸ್ತೆಗೆ ನೀರು ಚಿಮುಕಿಸುವ ಟ್ಯಾಂಕರು, ಹವಾನಿಯಂತ್ರಿತ ಕ್ಯಾಬಿನ್ನಿನ ಡಂಪರು, ನಿಯತಕಾಲಿಕ ವೈದ್ಯಕೀಯ ತಪಾಸಣೆ ಇವೆಲ್ಲ ಕಾಣುತ್ತವೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ನಾಲ್ಕು ಕಾರ್ಮಿಕ ಸಂಹಿತೆಗಳು 29 ಹಳೆಯ ಕಾಯ್ದೆಗಳ ಜಾಗ ತೆಗೆದುಕೊಂಡಿವೆ. 40 ವರ್ಷ ದಾಟಿದ ಕಾರ್ಮಿಕರಿಗೆ ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆ ಅವುಗಳ ಮುಖ್ಯ ಭರವಸೆಗಳಲ್ಲೊಂದು. ಸಂಹಿತೆಗಳ ಬಗ್ಗೆ ಕಾರ್ಮಿಕ ಸಂಘಟನೆಗಳಿಗೆ ಗಂಭೀರ ತಕರಾರುಗಳಿವೆ, ಅವನ್ನು ಕೇಳಿಸಿಕೊಳ್ಳಬೇಕು. ಈ ಒಂದು ಭರವಸೆಯನ್ನಂತೂ ಪ್ರತಿ ಕಾರ್ಮಿಕನೂ ಹಕ್ಕಿನಿಂದ ಕೇಳಿ ಪಡೆಯಬೇಕು.

ಸುರಕ್ಷೆಯ ಮಾತಿಗೆ ನಮ್ಮ ಅಣೆಕಟ್ಟಿಗಿಂತ ಹತ್ತಿರದ ಉದಾಹರಣೆ ಬೇಕಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಮುಂದಿನ ಒಂದು ವಾರ ಈ ಸೀಮೆಯ ರೈತರು ಯಾರೂ ಸರಿಯಾಗಿ ಮಲಗಲಿಲ್ಲ. ನಿವೃತ್ತ ಪರಿಣತ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಕಾರ್ಮಿಕರು ಧುಮ್ಮಿಕ್ಕುವ ನೀರಿನ ಮೇಲೆಯೇ ನಿಂತು ತಾತ್ಕಾಲಿಕ ಗೇಟಿನ ತುಂಡುಗಳನ್ನು ಒಂದೊಂದಾಗಿ ಇಳಿಸಿ ನೀರು ನಿಲ್ಲಿಸಿದರು. ಐನೂರು ವರ್ಷ ಹಿಂದೆ ಏರಿ ಒಡೆದಾಗ ಬಲಿ ಕೊಟ್ಟರು. ಈ ಸಲ ತಪ್ಪನ್ನು ಸರಪಳಿಯಲ್ಲಿ ಹುಡುಕಿದೆವು, ಕೆಲಸಗಾರರನ್ನು ಸುರಕ್ಷಿತವಾಗಿ ಮನೆಗೆ ಕಳಿಸಿದೆವು. ಇದರಲ್ಲಿ ಎರಡು ಪಾಠಗಳಿವೆ. ಯಂತ್ರವನ್ನು ಕಾಲಕಾಲಕ್ಕೆ ನೋಡಿಕೊಳ್ಳುವುದು ಅದರ ಪಕ್ಕ ನಿಂತ ಮನುಷ್ಯನನ್ನು ನೋಡಿಕೊಂಡ ಹಾಗೆ. ಇನ್ನು, ನಿವೃತ್ತಿಯ ಹಾರ ಹಾಕಿ ಕಳಿಸಿದವರ ಅನುಭವವೂ ಸಂಸ್ಥೆಯ ಆಸ್ತಿ.

ಈಗ ಮೂರನೆಯ ಮಾತಿಗೆ ಬರುತ್ತೇನೆ: ಮನೆ.

ಕೆಲಸದ ಜೊತೆಗೆ ಮನೆಯನ್ನೂ ಕೊಡುವ ಪದ್ಧತಿ ಈ ಸೀಮೆಗೆ ಹೊಸದಲ್ಲ. 1945ರಲ್ಲಿ ಅಣೆಕಟ್ಟಿನ ಕೆಲಸ ಶುರುವಾದ ಮೇಲೆ ಟಿ.ಬಿ. ಡ್ಯಾಂ ಎಂಬ ಊರೇ ಎದ್ದಿತು. ಸಂಡೂರಿನ ಬೆಟ್ಟಗಳಲ್ಲಿ ದೇವಗಿರಿ, ದೋಣಿಮಲೈ ಬೆಳೆದವು. ಉಕ್ಕಿನ ಕಾರ್ಖಾನೆಯೊಂದಿಗೆ ತೋರಣಗಲ್ಲಿನಲ್ಲಿ ವಿದ್ಯಾನಗರ ಬಂತು. ಕ್ವಾರ್ಟರ್ಸು, ಶಾಲೆ, ಆಸ್ಪತ್ರೆ, ಗಣೇಶೋತ್ಸವದ ಪೆಂಡಾಲು, ಇವು ಎಷ್ಟೋ ಕುಟುಂಬಗಳನ್ನು ಎರಡು ತಲೆಮಾರಿಗೆ ಎತ್ತಿ ನಿಲ್ಲಿಸಿದವು. ಆದರೆ ಆ ಟೌನ್‌ಶಿಪ್ಪುಗಳು ಒಂದು ಊಹೆಯ ಮೇಲೆ ನಿಂತಿದ್ದವು: ಗಂಡಸು ದುಡಿಯುತ್ತಾನೆ, ಹೆಂಗಸು ಮನೆಯಲ್ಲಿರುತ್ತಾಳೆ. ಇವತ್ತಿನ ದೊಡ್ಡ ಬದಲಾವಣೆ ಈ ಊಹೆ ಕಳಚುತ್ತಿರುವುದು.

ಗಣಿ ಕಾಯ್ದೆಯ ಪ್ರಕಾರ ಸಂಜೆ 7ರಿಂದ ಬೆಳಗಿನ 6ರ ನಡುವೆ ಹೆಂಗಸರು ಗಣಿಯಲ್ಲಿ ದುಡಿಯುವಂತಿರಲಿಲ್ಲ. 2019ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ತೆರೆದ ಗಣಿಗಳಿಗೆ ಈ ನಿರ್ಬಂಧ ಸಡಿಲಿಸಿತು. ಅವಳ ಲಿಖಿತ ಒಪ್ಪಿಗೆ ಬೇಕು, ಪಾಳಿಯಲ್ಲಿ ಮೂವರಿಗಿಂತ ಕಡಿಮೆ ಹೆಂಗಸರನ್ನು ನೇಮಿಸಬಾರದು ಎಂಬ ಷರತ್ತಿಟ್ಟಿತು. ಹೆರಿಗೆ ರಜೆ 2017ರಲ್ಲಿ 26 ವಾರಗಳಿಗೆ ಏರಿತು. 50 ಅಥವಾ ಹೆಚ್ಚು ನೌಕರರಿರುವ ಕಡೆ ಕೂಸಿನ ಕೋಣೆ ಕಡ್ಡಾಯವಾಯಿತು. 2025ರ ಅಕ್ಟೋಬರಿನಲ್ಲಿ ನಮ್ಮ ರಾಜ್ಯದ ಸಚಿವ ಸಂಪುಟ ತಿಂಗಳಿಗೆ ಒಂದು ದಿನ ವೇತನ ಸಹಿತ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಿತು. ಮುಟ್ಟು ಎಂಬ ಶಬ್ದವನ್ನು ಸಭೆಯಲ್ಲಿ ಉಚ್ಚರಿಸಲು ಹಿಂಜರಿಯುತ್ತಿದ್ದ ಸಮಾಜ ನಮ್ಮದು. ಆ ಶಬ್ದ ರಜೆಯ ಅರ್ಜಿಯಲ್ಲಿ ಬರುವಂತಾಗಿರುವುದೇ ದೊಡ್ಡ ದಾರಿ ಸವೆಸಿದ ಗುರುತು.

ಕಾಯ್ದೆಗಿಂತ ಮೊದಲೇ ಈ ದಾರಿಯಲ್ಲಿ ನಡೆದ ಒಂದು ಜಾಗ ನಮ್ಮ ಸಂಡೂರಿನಲ್ಲಿದೆ. 1984ರಲ್ಲಿ ಶುರುವಾದ ಸಂಡೂರು ಕುಶಲ ಕಲಾ ಕೇಂದ್ರವನ್ನು ನಿಮ್ಮಲ್ಲಿ ಅನೇಕರು ನೋಡಿದ್ದೀರಿ. ಲಂಬಾಣಿ ಹೆಂಗಸರು ತಮ್ಮ ಉಡುಪಿಗೆ ತಾವೇ ಹಾಕಿಕೊಳ್ಳುತ್ತಿದ್ದ ಕಸೂತಿ ಅಲ್ಲಿ ಜೀವನೋಪಾಯವಾಯಿತು. ಒಂದು ಕನ್ನಡಿ ಚೂರನ್ನು ಬಟ್ಟೆಗೆ ಕೂಡಿಸುವುದನ್ನು ಹತ್ತಿರ ಕೂತು ನೋಡಬೇಕು. ಕನ್ನಡಿಗೆ ತೂತಿಲ್ಲ, ಸೂಜಿ ಅದರೊಳಗೆ ಹಾಯುವುದಿಲ್ಲ. ಹೆಬ್ಬೆರಳಿನಿಂದ ಅದನ್ನು ಒತ್ತಿ ಹಿಡಿದು, ಮೇಲಿಂದ ಅಡ್ಡ ಉದ್ದ ನೂಲು ಹಾಯಿಸಿ ಚೌಕಟ್ಟು ಕಟ್ಟುತ್ತಾಳೆ. ಆಮೇಲೆ ಆ ಚೌಕಟ್ಟಿಗೇ ಸೂಜಿ ಸಿಕ್ಕಿಸಿ ಸುತ್ತ ಹೆಣೆಯುತ್ತಾಳೆ. ಬಿಗಿಯಾದರೆ ಬಟ್ಟೆ ಸುಕ್ಕಾಗುತ್ತದೆ, ಸಡಿಲಾದರೆ ಕನ್ನಡಿ ಜಾರುತ್ತದೆ. ಕಿಲನ್, ವೇಲೆ, ಬಕ್ಯ, ಮಾಕಿ ಹೀಗೆ ಹದಿನಾಲ್ಕು ಬಗೆಯ ಹೊಲಿಗೆಗಳು ಈ ಕಸೂತಿಯಲ್ಲಿವೆ. ಸಂಡೂರು ಲಂಬಾಣಿ ಕಸೂತಿಗೆ ಭೌಗೋಳಿಕ ಗುರುತಿನ ಮನ್ನಣೆಯೂ ಸಿಕ್ಕಿದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಂಸ್ಕೃತಿ ಸಭೆ ನಡೆದಾಗ ಈ ಕೇಂದ್ರದ 450ಕ್ಕೂ ಹೆಚ್ಚು ಹೆಂಗಸರು ಮಾಡಿದ 1,755 ಕಸೂತಿ ತುಣುಕುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು.

ದಾಖಲೆಗಿಂತ ನನಗೆ ಮುಖ್ಯವೆನಿಸುವುದು ಬೇರೆ. ಸೂಜಿನೂಲಿನ ಈ ಕೆಲಸ ತಾಂಡಾದ ಜಗುಲಿಗೂ ಬರುತ್ತದೆ. ಒಲೆಯ ಮೇಲೆ ಬೇಳೆ ಬೇಯುವಾಗ, ಮಗು ಮಲಗಿದಾಗ ಮುಂದುವರಿಯುತ್ತದೆ. ಅವಳ ತಾಯಿ ಅವಳಿಗೆ ಕಲಿಸಿದ್ದೇ ಅವಳ ಅರ್ಹತೆ. ಮೇಲಾಗಿ ಆ ಕೆಲಸ ಸಿಕ್ಕಿದ ಮನೆ ಗುಳೆ ಹೋಗಬೇಕಾಗಿಲ್ಲ. ಗುಳೆ ಹೋಗದಿದ್ದರೆ ಮಗು ಒಂದೇ ಶಾಲೆಯಲ್ಲಿ ಓದುತ್ತದೆ. ಕೆಲಸ ಮನೆಗೆ ಹೊಂದಿಕೊಂಡರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಬೇಡ.

ಹಂಪಿಯಲ್ಲಿ ಇನ್ನೊಂದು ಪುರಾವೆ ಓಡಾಡುತ್ತಿದೆ. ವಿಜಯವಿಠ್ಠಲ ದೇವಸ್ಥಾನಕ್ಕೆ ಪ್ರವಾಸಿಗರನ್ನು ಕರೆದೊಯ್ಯುವ ಬ್ಯಾಟರಿ ವಾಹನಗಳನ್ನು ಸುತ್ತಲ ಊರಿನ ಹೆಣ್ಣುಮಕ್ಕಳು ಓಡಿಸುತ್ತಾರೆ. ಕಲ್ಲಿನ ರಥ ನೋಡಲು ಬಂದವರು ಈ ಸಾರಥಿಯರನ್ನೂ ಒಮ್ಮೆ ಕಣ್ಣು ತುಂಬ ನೋಡಲಿ. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರ ಪ್ರಯಾಣ ಉಚಿತವಾದ ಮೇಲೆ ಕೆಲಸದ ಜಾಗ ಎಷ್ಟೋ ಜನರಿಗೆ ಹತ್ತಿರವಾಯಿತು. ಉದ್ಯೋಗ ಖಾತ್ರಿಯ ಹೆಂಗಸರಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ ತೆರೆದ ಕೂಸಿನ ಮನೆಗಳನ್ನು ನೋಡಿದಾಗಲೆಲ್ಲ ನನಗೆ ಸಂಡೂರು ದಾರಿಯ ಆ ಜೋಳಿಗೆ ನೆನಪಾಗುತ್ತದೆ.

ಇಷ್ಟು ಹೇಳಿದ ಮೇಲೆ ಕೊನೆಯ ಮಾತಿಗೆ ಬರಬೇಕು: ಗೇಟಿನ ಹೊರಗಿನವರು.

ಒಂದೇ ಕಾರ್ಖಾನೆಯ ಒಂದೇ ಯಂತ್ರದ ಮುಂದೆ ಇಬ್ಬರು ನಿಲ್ಲುತ್ತಾರೆ. ಒಬ್ಬ ಕಾಯಂ, ಇನ್ನೊಬ್ಬ ಗುತ್ತಿಗೆಯವನು. ಒಬ್ಬನಿಗೆ ಕ್ವಾರ್ಟರ್ಸು, ಮಕ್ಕಳ ಶಾಲೆ, ಆಸ್ಪತ್ರೆ. ಇನ್ನೊಬ್ಬನಿಗೆ ಗುತ್ತಿಗೆದಾರ ಬದಲಾದಾಗಲೆಲ್ಲ ಹೊಸ ಗೇಟ್‌ಪಾಸು. ಧೂಳು ಮಾತ್ರ ಇಬ್ಬರ ಎದೆಗೂ ಒಂದೇ ಸಮ ಇಳಿಯುತ್ತದೆ.

ಹಡಗಲಿ, ಹರಪನಹಳ್ಳಿ, ಕೂಡ್ಲಿಗಿ ಕಡೆಯ ತಾಂಡಾಗಳಿಂದ ಮಂಡ್ಯಕ್ಕೆ ಕಬ್ಬು ಕಡಿಯಲು, ಮಲೆನಾಡಿನ ಕಾಫಿ ತೋಟಗಳಿಗೆ ಗುಳೆ ಹೋಗುವ ಕುಟುಂಬಗಳಿಗೆ ಕೆಲಸದ ಜಾಗವೆಂದರೆ ಹೊಲದ ಬದುವಿನ ಗುಡಿಸಲು. ತುಂಗಭದ್ರೆಯಲ್ಲಿ ಹರಿಗೋಲು ಹಾಕುವವರಿಗೆ ಅಣೆಕಟ್ಟಿನಿಂದ ನೀರು ಬಿಟ್ಟ ದಿನ ಕೆಲಸವಿಲ್ಲ, ಕೂಲಿಯೂ ಇಲ್ಲ. ಹೊಸಪೇಟೆಯ ಬೀದಿಗಳಲ್ಲಿ ಊಟದ ಪೊಟ್ಟಣ ಹೊತ್ತು ಬೈಕಿನಲ್ಲಿ ಓಡಾಡುವ ಹುಡುಗರ ಮೇಲಧಿಕಾರಿ ಒಂದು ಮೊಬೈಲ್ ಆ್ಯಪ್. ಇಂಥ ಗಿಗ್ ಕಾರ್ಮಿಕರಿಗಾಗಿ ನಮ್ಮ ರಾಜ್ಯ 2025ರಲ್ಲಿ ಕಾಯ್ದೆ ಮಾಡಿತು. ಪ್ರತಿ ವ್ಯವಹಾರದಲ್ಲಿ ಅವರಿಗೆ ಕೊಡುವ ಹಣದ ಮೇಲೆ ಶೇ 1ರಿಂದ 5ರಷ್ಟು ಕಲ್ಯಾಣ ಶುಲ್ಕವನ್ನು ಕಂಪನಿಗಳಿಂದ ಪಡೆಯುವ ಏರ್ಪಾಡು ಅದರಲ್ಲಿದೆ. ಹೊಸ ಸಂಹಿತೆಗಳು ಪ್ರತಿ ಕಾರ್ಮಿಕನಿಗೂ ನೇಮಕಾತಿ ಪತ್ರ ಕೊಡಬೇಕೆನ್ನುತ್ತವೆ. ಆ ಒಂದು ಹಾಳೆ ನಮಗೆ ಸಣ್ಣದೆನಿಸಬಹುದು. ಅದಿರು ಒಡೆಯುತ್ತಿದ್ದ ಆ ತಾಯಿಯ ಕೈಯಲ್ಲಿ ಅಂಥದೊಂದು ಹಾಳೆ ಇದ್ದಿದ್ದರೆ ಕಾಯ್ದೆಗೆ ಅವಳ ವಿಳಾಸ ಸಿಗುತ್ತಿತ್ತು.

ಬಂಧುಗಳೇ, ನನ್ನ ಮಾತನ್ನು ಒಟ್ಟುಗೂಡಿಸುತ್ತೇನೆ. ಕೆಲಸದ ಜಾಗಗಳು ಬದಲಾಗುತ್ತಿವೆ, ಅದು ನಿಜ. ಸಮಯ ಮೆತ್ತಗಾಗುತ್ತಿದೆ, ಮೈಗೆ ಕಾವಲು ಬರುತ್ತಿದೆ, ಮನೆಯನ್ನೂ ಮಗುವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿದ್ದಾರೆ. ಇದು ಯಾರೊಬ್ಬರ ಔದಾರ್ಯದಿಂದ ಬಂದದ್ದಲ್ಲ. ಕೇಳಿದವರು, ಸಂಘ ಕಟ್ಟಿದವರು, ಕೋರ್ಟಿಗೆ ಹೋದವರು, ಜೊತೆಗೆ ಮನಸ್ಸಿಟ್ಟು ಸಂಸ್ಥೆ ಕಟ್ಟಿದ ಕೆಲವರು ಸೇರಿ ಇದನ್ನು ತಂದರು. ಆದರೆ ಒಂದು ಕೆಲಸದ ಜಾಗ ಒಳ್ಳೆಯದೋ ಅಲ್ಲವೋ ಎಂಬುದನ್ನು ಅಲ್ಲಿಯ ಮೊದಲ ಸಾಲಿನ ನೌಕರನನ್ನು ಕೇಳಿ ನಿರ್ಧರಿಸಲಾಗದು. ಕೊನೆಯ ಸಾಲಿನವರನ್ನು ಕೇಳಬೇಕು.

ಇಲ್ಲಿ ಮಾಲೀಕರಿದ್ದೀರಿ, ಅಧಿಕಾರಿಗಳಿದ್ದೀರಿ, ನಾಳೆ ಅಧಿಕಾರಿಗಳಾಗುವ ವಿದ್ಯಾರ್ಥಿಗಳಿದ್ದೀರಿ. ನಿಮ್ಮಲ್ಲಿ ನನ್ನದೊಂದೇ ಕೋರಿಕೆ. ನಾಳೆ ಬೆಳಿಗ್ಗೆ ನಿಮ್ಮ ಕಚೇರಿಗೆ, ಕಾಲೇಜಿಗೆ, ಗಣಿಗೆ, ಗಿರಣಿಗೆ ಹೋದಾಗ ಅಲ್ಲಿ ಕಸ ಗುಡಿಸುವ ಹೆಣ್ಣುಮಗಳು ಮಧ್ಯಾಹ್ನ ಎಲ್ಲಿ ಕೂತು ಬುತ್ತಿ ಬಿಚ್ಚುತ್ತಾಳೆ ಎಂದು ನೋಡಿ. ಮೆಟ್ಟಿಲ ಕೆಳಗೆ ಕೂರುತ್ತಿದ್ದರೆ, ಸುಧಾರಣೆಯನ್ನು ಅವಳಿಗೊಂದು ಬೆಂಚು, ಒಂದು ನಲ್ಲಿ, ಬಾಗಿಲಿಗೆ ಚಿಲಕವಿರುವ ಒಂದು ಶೌಚಾಲಯದಿಂದ ಆರಂಭಿಸಿ.